ಎಂಜಿನ್ ಒಂದು ಕಂಪನಿಯದು, ಗೇರ್‌ಬಾಕ್ಸ್ ಇನ್ನೊಂದರದು: ಜೋಡಿಸಿದ ಮೇಲೆ ತೊಂದರೆ ಬಂದರೆ ಎಲ್ಲಿಂದ ಹುಡುಕಬೇಕು

ನನ್ನ ಮೊದಲ ಜೋಡಣೆಯಲ್ಲಿ ಮೂರನೇ ಗೇರ್ ತಾನಾಗಿಯೇ ಬಿಟ್ಟು ಬರುತ್ತಿತ್ತು. ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಸಾಕು, ಲಿವರ್ ಟಕ್ ಅಂತ ನ್ಯೂಟ್ರಲ್‌ಗೆ ಬಂದು ನಿಲ್ಲುತ್ತಿತ್ತು. ಗೇರ್‌ಬಾಕ್ಸ್ ಹಳೆಯದು, ತಪ್ಪು ಅದರದ್ದೇ ಅಂದುಕೊಂಡು ಇಳಿಸಿದೆ, ಬಿಚ್ಚಿದೆ, ಗೇರ್ ಬೀಳುವಾಗ ವೇಗ ಸಮ ಮಾಡುವ ಸಿಂಕ್ರೊ ರಿಂಗ್ ಬದಲಿಸಿದೆ, ಮತ್ತೆ ಹತ್ತಿಸಿದೆ. ಅದೇ ಕಥೆ. ಎರಡನೇ ಸಲವೂ ಬಿಚ್ಚಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ತಪ್ಪು ಇದ್ದದ್ದು ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ, ಎರಡನ್ನೂ ಹೊಂದಿಸಲು ಹಾಕಿದ್ದ ಅಡಾಪ್ಟರ್ ಪ್ಲೇಟಿನಲ್ಲಿ, ಅದೂ ಒಂದು ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು.

ಆಮೇಲಿಂದ ನನ್ನ ಪದ್ಧತಿ ಒಂದೇ. ಬೇರೆ ಬೇರೆ ಕಂಪನಿಯ ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರಿಸಿದ ಗಾಡಿಯಲ್ಲಿ ತೊಂದರೆ ಬಂದರೆ ಮೊದಲು ಎರಡರ ನಡುವಿನ ಜಾಗವನ್ನು ಅನುಮಾನಿಸುತ್ತೇನೆ. ಅಡಾಪ್ಟರ್ ಪ್ಲೇಟು, ಡೋವೆಲ್ ಪಿನ್ (ಎರಡು ಮುಖಗಳನ್ನು ಸರಿಯಾದ ಜಾಗದಲ್ಲಿ ಕೂರಿಸುವ ಕಡ್ಡಿ), ಪೈಲಟ್ ಬೇರಿಂಗ್ (ಗೇರ್‌ಬಾಕ್ಸಿನ ಮುಂದಿನ ಇನ್‌ಪುಟ್ ಶಾಫ್ಟಿನ ತುದಿಯನ್ನು ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ತೂತಿನಲ್ಲಿ ಹಿಡಿಯುವುದು), ಕ್ಲಚ್ ಪ್ಲೇಟು, ಫ್ಲೈವೀಲ್ (ಕ್ರ್ಯಾಂಕಿನ ಹಿಂದಿನ ಭಾರದ ಚಕ್ರ), ರಿಲೀಸ್ ಬೇರಿಂಗ್ (ಪೆಡಲ್ ತುಳಿದಾಗ ಕ್ಲಚ್ ಬಿಡಿಸುವುದು), ಇವೆಲ್ಲ ಅಲ್ಲೇ ಇರುತ್ತವೆ. ಕಂಪನಿಯವರು ಒಟ್ಟಿಗೆ ಕೂತು ಲೆಕ್ಕ ಹಾಕಿರದ ಭಾಗಗಳು ಇವು. ಗೇರ್‌ಬಾಕ್ಸ್ ಒಳಗಿನ ಭಾಗಗಳನ್ನು ಒಂದೇ ಕಡೆ ಕೂತು ಮಾಡಿರುತ್ತಾರೆ, ಅಲ್ವಾ? ಅದಕ್ಕೇ ಅದನ್ನು ಕೊನೆಗೆ ಬಿಚ್ಚಿ.

ನಿಮಗೆ ಕಾಣುವ ಲಕ್ಷಣ ಯಾವುದೋ ಆ ಭಾಗಕ್ಕೆ ನೇರ ಹೋಗಿ. ಪ್ರತಿ ಭಾಗದಲ್ಲೂ ದುಡ್ಡು ಖರ್ಚಿಲ್ಲದ ಪರೀಕ್ಷೆ ಮೊದಲು, ಗೇರ್‌ಬಾಕ್ಸ್ ಇಳಿಸುವ ಕೆಲಸ ಆಮೇಲೆ.

ಕೈ ಹಾಕುವ ಮುಂಚೆ

ಬ್ಯಾಟರಿಯ ನೆಗೆಟಿವ್ ವೈರು ತೆಗೆಯಿರಿ. ಗಾಡಿಯನ್ನು ಜ್ಯಾಕ್ ಮೇಲಷ್ಟೇ ನಿಲ್ಲಿಸಿ ಕೆಳಗೆ ಹೋಗಬೇಡಿ, ಗಟ್ಟಿ ನೆಲದ ಮೇಲೆ ಸ್ಟ್ಯಾಂಡ್ ಇಡಿ, ನೆಲದಲ್ಲಿರುವ ಚಕ್ರಕ್ಕೆ ಅಡ್ಡಗಟ್ಟೆ ಕೊಡಿ. ಗೇರ್‌ಬಾಕ್ಸ್ 40, 50 ಕೆಜಿ ತೂಗುವುದು ಮಾಮೂಲು, ಎದೆಯ ಮೇಲೆ ಇಟ್ಟುಕೊಂಡು ಇಳಿಸುವ ಸಾಹಸ ಬೇಡ. ಹಳೆಯ ಕ್ಲಚ್ ಪ್ಲೇಟಿನ ಧೂಳಿನಲ್ಲಿ ಆಸ್‌ಬೆಸ್ಟಾಸ್ ಇರಬಹುದು. ಗಾಳಿ ಹೊಡೆದು ಊದಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಕ್ಲಚ್ ಲೈನಿನಲ್ಲಿರುವ ಬ್ರೇಕ್ ಆಯಿಲ್ ಕಣ್ಣಿಗೆ ಬಿದ್ದರೆ ಉರಿಯುತ್ತದೆ, ಪೇಂಟಿಗೆ ಬಿದ್ದರೆ ಪೇಂಟೇ ಏಳುತ್ತದೆ.

ಇನ್ನೊಂದು ಮಾತು. ಫ್ಲೈವೀಲ್ ಕಡೆಯಿಂದ ಹೊಸದಾಗಿ ನಡುಕ ಅಥವಾ ಲೋಹ ಉಜ್ಜುವ ಶಬ್ದ ಶುರುವಾಗಿದ್ದರೆ 'ಒಂದ್ಸಲ ಜೋರಾಗಿ ರೇಸ್ ಮಾಡಿ ನೋಡೋಣ' ಅನ್ನಬೇಡಿ. ವೇಗವಾಗಿ ತಿರುಗುವಾಗ ಫ್ಲೈವೀಲ್ ಒಡೆದರೆ ಅದನ್ನು ಮುಚ್ಚಿರುವ ಗಂಟೆಯಾಕಾರದ ಕವಚ, ಅಂದರೆ ಬೆಲ್ ಹೌಸಿಂಗ್, ತಡೆಯುವುದಿಲ್ಲ. ಚೂರುಗಳು ಫ್ಲೋರ್ ಸೀಳಿಕೊಂಡು ಒಳಗೆ ಬರುತ್ತವೆ, ನಿಮ್ಮ ಕಾಲು ಇರುವುದು ಅಲ್ಲೇ.

ಲಕ್ಷಣ: ಬೆಲ್ ಹೌಸಿಂಗ್ ಪೂರ್ತಿ ಕೂರುತ್ತಿಲ್ಲ, ಮೂರು ನಾಲ್ಕು ಮಿಲಿಮೀಟರ್ ಸಂದು ಉಳಿಯುತ್ತದೆ

ಹೆಚ್ಚಿನವರು ಇಲ್ಲೇ ಎಡವುತ್ತಾರೆ. ಬೋಲ್ಟ್ ಹಾಕಿ ಸುತ್ತಲೂ ಸ್ವಲ್ಪ ಸ್ವಲ್ಪ ಬಿಗಿ ಮಾಡುತ್ತಾ ಹೋದರೆ ಎಳೆದುಕೊಳ್ಳುತ್ತದೆ ಅನ್ನಿಸುತ್ತದೆ. ಎಳೆದುಕೊಳ್ಳುತ್ತದೆ ನಿಜ. ಆಮೇಲೆ ಬೆಲ್ ಹೌಸಿಂಗಿನ ಕಿವಿ ಒಡೆಯುತ್ತದೆ, ಇಲ್ಲವೇ ಇನ್‌ಪುಟ್ ಶಾಫ್ಟ್ ಕ್ರ್ಯಾಂಕನ್ನೇ ಮುಂದಕ್ಕೆ ತಳ್ಳಿಕೊಂಡು ನಿಲ್ಲುತ್ತದೆ. ಸರಿಯಾಗಿ ಹೊಂದಿದ ಗೇರ್‌ಬಾಕ್ಸ್ ಕೈಯಲ್ಲಿ ಅಲುಗಾಡಿಸಿದರೆ ಸಾಕು, ಮುಖಕ್ಕೆ ಮುಖ ಸೇರುತ್ತದೆ. ಬೋಲ್ಟ್ ಇರುವುದು ಹಿಡಿದಿಡಲು, ಎಳೆಯಲು ಅಲ್ಲ.

ಮೊದಲ ಪರೀಕ್ಷೆ ಪುಕ್ಕಟೆ. ಗೇರ್‌ಬಾಕ್ಸನ್ನು ಟಾಪ್ ಗೇರ್‌ಗೆ ಹಾಕಿ, ಹಿಂದಿನ ಔಟ್‌ಪುಟ್ ಶಾಫ್ಟನ್ನು ನಿಧಾನ ತಿರುಗಿಸುತ್ತಾ ಒಳಗೆ ತಳ್ಳಿ. ತಟ್ಟನೆ ಒಳಗೆ ಹೋಯಿತು ಅಂದರೆ ಶಾಫ್ಟಿನ ಉದ್ದುದ್ದ ಹಲ್ಲು (ಸ್ಪ್ಲೈನ್) ಕ್ಲಚ್ ಪ್ಲೇಟಿನ ಹಲ್ಲಿಗೆ ಕೂಡಿಕೊಂಡಿರಲಿಲ್ಲ ಅಷ್ಟೆ. ಹೋಗದಿದ್ದರೆ ಕ್ಲಚ್ ಪ್ಲೇಟ್ ಮಧ್ಯಕ್ಕೆ ಇದೆಯಾ ನೋಡಿ. ಮಧ್ಯ ಹಿಡಿಯುವ ಅಲೈನ್‌ಮೆಂಟ್ ಶಾಫ್ಟ್ ಎರಡೂ ಕಡೆ ಸರಿಹೊಂದಬೇಕು. ಒಂದು ತುದಿ ಗೇರ್‌ಬಾಕ್ಸ್ ಕಂಪನಿಯ ಸ್ಪ್ಲೈನ್‌ಗೆ, ಇನ್ನೊಂದು ತುದಿ ನೀವು ಕೂರಿಸಿದ ಪೈಲಟ್ ಬೇರಿಂಗ್‌ನ ತೂತಿಗೆ. ಪೆಟ್ಟಿಗೆಯಲ್ಲಿ ಬರುವ ಪ್ಲಾಸ್ಟಿಕ್ ಶಾಫ್ಟ್ ಇಂಥ ಮಿಶ್ರ ಜೋಡಣೆಗೆ ಎಷ್ಟೋ ಸಲ ಸಡಿಲ.

ಕ್ಲಚ್ ಪ್ಲೇಟನ್ನು ಫ್ಲೈವೀಲಿಗೆ ಒತ್ತುವ ಪ್ರೆಷರ್ ಪ್ಲೇಟ್ ಹಾಕುವ ಮುಂಚೆಯೇ ಇನ್ನೊಂದು ಕೆಲಸ ಮಾಡಿದ್ದರೆ ಇಷ್ಟು ತಲೆನೋವೇ ಇರುತ್ತಿರಲಿಲ್ಲ. ಕ್ಲಚ್ ಪ್ಲೇಟನ್ನು ಇನ್‌ಪುಟ್ ಶಾಫ್ಟ್ ಮೇಲೆ ಕೈಯಲ್ಲಿ ಜಾರಿಸಿ ನೋಡುವುದು. ಪ್ಲೇಟಿನ ಹೊರ ಅಳತೆ ಎಂಜಿನ್ ಕಡೆಯ ಫ್ಲೈವೀಲ್ ಮತ್ತು ಪ್ರೆಷರ್ ಪ್ಲೇಟಿಗೆ ಹೊಂದಬೇಕು, ನಡುವಿನ ಸ್ಪ್ಲೈನ್ ಗೇರ್‌ಬಾಕ್ಸಿಗೆ ಹೊಂದಬೇಕು. ಹಲ್ಲಿನ ಎಣಿಕೆ ಒಂದೇ ಇದ್ದರೂ ದಪ್ಪ ಬೇರೆ ಇರಬಹುದು. ಎಣಿಸಿ ಸುಮ್ಮನಾಗಬೇಡಿ, ವರ್ನಿಯರ್ ಹಿಡಿದು ಅಳೆಯಿರಿ.

ಇದೆಲ್ಲ ಸರಿಯಿದ್ದೂ ಸಂದು ಉಳಿದರೆ ಶಾಫ್ಟಿನ ತುದಿ ಎಲ್ಲೋ ತಾಗುತ್ತಿದೆ. ಮೂರು ಅಳತೆ ತೆಗೆಯಿರಿ. ಬೆಲ್ ಹೌಸಿಂಗ್ ಮುಖದಿಂದ ಶಾಫ್ಟ್ ತುದಿ ಎಷ್ಟು ಹೊರಗೆ ಚಾಚಿದೆ. ಅಡಾಪ್ಟರ್ ಪ್ಲೇಟ್ ದಪ್ಪ ಎಷ್ಟು. ಎಂಜಿನ್ ಬ್ಲಾಕ್ ಮುಖದಿಂದ ಕ್ರ್ಯಾಂಕಿನ ಪೈಲಟ್ ತೂತಿನ ತಳ ಎಷ್ಟು ಆಳ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆಯಿರಿ. ಉಳಿದದ್ದು ಮೂರನೆಯದಕ್ಕಿಂತ ಕನಿಷ್ಠ 3 ಮಿ.ಮೀ. ಕಡಿಮೆ ಇರಲಿ. ಲೆಕ್ಕದ ಮೇಲೆ ನಂಬಿಕೆ ಬರದಿದ್ದರೆ ಮಕ್ಕಳು ಆಡುವ ಕ್ಲೇ ಇದೆಯಲ್ಲ, ಅದರ ಒಂದು ಸಣ್ಣ ಉಂಡೆಯನ್ನು ತೂತಿನ ತಳಕ್ಕೆ ಅಂಟಿಸಿ, ಕ್ಲಚ್ ಇಲ್ಲದೆ ಗೇರ್‌ಬಾಕ್ಸ್ ಕೂರಿಸಿ ತೆಗೆಯಿರಿ. ತುದಿ ಒತ್ತಿದ ಕ್ಲೇಯನ್ನು ಬ್ಲೇಡಿನಲ್ಲಿ ಅಡ್ಡ ಕತ್ತರಿಸಿ ದಪ್ಪ ನೋಡಿ. ಅದೇ ನಿಮ್ಮ ನಿಜವಾದ ಅಂತರ. ನನಗೆ ಒಮ್ಮೆ ಹಾಳೆಯಷ್ಟು ತೆಳು ಪೊರೆ ಸಿಕ್ಕಿತ್ತು. ಹೊರಗಿನಿಂದ ನೋಡಿದರೆ ಗೇರ್‌ಬಾಕ್ಸ್ ಚೆನ್ನಾಗಿಯೇ ಕೂತಿತ್ತು!

ಉಲ್ಟಾ ತಪ್ಪೂ ಆಗುತ್ತದೆ. ಅಡಾಪ್ಟರ್ ಪ್ಲೇಟ್ ದಪ್ಪವಾಗಿದ್ದರೆ ಶಾಫ್ಟ್ ಹಿಂದಕ್ಕೆ ಸರಿದು, ತುದಿ ಪೈಲಟ್ ಬೇರಿಂಗಿನ ಅಂಚನ್ನು ಮಾತ್ರ ಮುಟ್ಟುತ್ತದೆ. ಜೋಡಿಸುವಾಗ ಏನೂ ಗೊತ್ತಾಗುವುದಿಲ್ಲ, ಕೆಲವು ದಿನದಲ್ಲಿ ಬೇರಿಂಗ್ ಹೋಗುತ್ತದೆ. ಶಾಫ್ಟಿನ ನುಣುಪು ಭಾಗ ಬೇರಿಂಗಿನ ಪೂರ್ತಿ ಅಗಲದಲ್ಲಿ ಕೂರಬೇಕು. ಕೂರದಿದ್ದರೆ ಮುಂದಕ್ಕೆ ಚಾಚಿದ ಬುಷ್ ಲೇತಿನಲ್ಲಿ ಮಾಡಿಸಿಕೊಳ್ಳಿ.

ನಿಲ್ಲಿಸಬೇಕಾದ ಜಾಗ: ಕ್ರ್ಯಾಂಕ್ ಹಿಂದೆ ಮುಂದೆ ಎಷ್ಟು ಆಡುತ್ತದೆ ಅಂತ ಜೋಡಿಸುವ ಮುಂಚೆ ಡಯಲ್ ಗೇಜ್ (ಸೂಕ್ಷ್ಮ ಚಲನೆ ಅಳೆಯುವ ಮುಳ್ಳಿನ ಮೀಟರ್) ಇಟ್ಟು ಅಳೆದು ಬರೆದುಕೊಳ್ಳಿ. ಗೇರ್‌ಬಾಕ್ಸ್ ಬಿಗಿ ಮಾಡಿದ ಮೇಲೆ ಮುಂದಿನ ಪುಲಿ ಕಡೆಯಿಂದ ಮತ್ತೆ ಅಳೆಯಿರಿ. ಮೊದಲು 0.15 ಮಿ.ಮೀ. ಇದ್ದದ್ದು ಈಗ ಸೊನ್ನೆ ಆಗಿದ್ದರೆ ಎಂಜಿನ್ ಸ್ಟಾರ್ಟ್ ಮಾಡಲೇಬೇಡಿ. ಕ್ರ್ಯಾಂಕ್ ಹಿಂದೆ ಮುಂದೆ ಸರಿಯದಂತೆ ತಡೆಯುವ ಥ್ರಸ್ಟ್ ಬೇರಿಂಗ್ ಉಜ್ಜಿಹೋಗಲು ಜಾಸ್ತಿ ಹೊತ್ತು ಬೇಕಿಲ್ಲ, ಅದು ಹೋದರೆ ಎಂಜಿನ್ ಇಳಿಸುವುದೇ ಗತಿ.

ಲಕ್ಷಣ: ಸೆಲ್ಫ್ ಹೊಡೆದರೆ ಕಿರುಚುತ್ತದೆ, ಅಥವಾ ನಿಧಾನ ತಿರುಗುತ್ತದೆ, ಅಥವಾ ತಿರುಗಿದರೂ ಎಂಜಿನ್ ಹತ್ತುವುದಿಲ್ಲ

ಇವು ಮೂರು ಬೇರೆ ಬೇರೆ ಕಾಯಿಲೆ.

ನಿಧಾನ ತಿರುಗುತ್ತಿದ್ದರೆ ಅರ್ಥಿಂಗ್ ನೋಡಿ. ಪೇಂಟ್ ಅಥವಾ ಆನೊಡೈಸ್ ಮಾಡಿದ ಪ್ಲೇಟ್ ಎಂಜಿನ್‌ಗೂ ಬೆಲ್ ಹೌಸಿಂಗಿಗೂ ನಡುವೆ ಬಂದಿರುತ್ತದೆ, ಸೆಲ್ಫ್ ಮೋಟಾರ್ ಬೆಲ್ ಹೌಸಿಂಗ್ ಮೇಲೆ ಕೂತಿರುತ್ತದೆ, ಕರೆಂಟಿಗೆ ವಾಪಸ್ ಹೋಗುವ ದಾರಿಯೇ ಸರಿಯಾಗಿರುವುದಿಲ್ಲ. ಮಲ್ಟಿಮೀಟರಿನ ಒಂದು ಕಡ್ಡಿ ಸೆಲ್ಫ್ ಮೋಟಾರಿನ ಮೈಗೆ, ಇನ್ನೊಂದು ಬ್ಯಾಟರಿ ನೆಗೆಟಿವ್‌ಗೆ ಹಿಡಿದು ಸೆಲ್ಫ್ ಹೊಡೆಸಿ. 0.2 ವೋಲ್ಟ್ ಒಳಗಿದ್ದರೆ ಸರಿ. ಅರ್ಧ ವೋಲ್ಟ್ ದಾಟಿದರೆ ಗೇರ್‌ಬಾಕ್ಸಿನಿಂದ ಚಾಸಿಗೆ ದಪ್ಪ ವೈರು ಹಾಕಿ. ಕೆಲವರ ಗಾಡಿಯಲ್ಲಿ ಕ್ಲಚ್ ಕೇಬಲ್ ಬಿಸಿಯಾಗುವುದು ಇದಕ್ಕೇ, ಕರೆಂಟು ಅದರ ಮೂಲಕ ಹರಿಯುತ್ತಿರುತ್ತದೆ.

ಕಿರುಚುತ್ತಿದ್ದರೆ ಸೆಲ್ಫ್ ಬಿಚ್ಚಿ, ತೂತಿನಿಂದ ಫ್ಲೈವೀಲ್ ಸುತ್ತ ಇರುವ ರಿಂಗ್ ಗೇರಿನ ಹಲ್ಲು ನೋಡಿ. ಹಲ್ಲಿನ ಮುಂದಿನ ಅಂಚಷ್ಟೇ ಹೊಳೆಯುತ್ತಿದ್ದರೆ ಸೆಲ್ಫ್ ಮೋಟಾರಿನ ಚಿಕ್ಕ ಗೇರ್, ಪಿನಿಯನ್, ಒಳಗೆ ಪೂರ್ತಿ ತಲುಪುತ್ತಿಲ್ಲ. ಬೆಲ್ ಹೌಸಿಂಗ್ ಮೇಲೆ ಕೂರುವ ಸೆಲ್ಫ್ ಆದರೆ ಅಡಾಪ್ಟರ್ ಪ್ಲೇಟ್ ದಪ್ಪದಷ್ಟು ಹಿಂದೆ ಸರಿದಿರುತ್ತದೆ, ಬ್ಲಾಕ್ ಮೇಲೆ ಕೂರುವುದಾದರೆ ಈ ತೊಂದರೆ ಇಲ್ಲ. ವಿಶ್ರಾಂತಿಯಲ್ಲಿ ಪಿನಿಯನ್‌ಗೂ ರಿಂಗ್ ಗೇರಿಗೂ ಸುಮಾರು 1.5ರಿಂದ 3 ಮಿ.ಮೀ. ಅಂತರ ಇರಲಿ. ಎರಡೂ ಹಲ್ಲು ಕೂಡಿದಾಗ ನಡುವೆ ಪೇಪರ್ ಕ್ಲಿಪ್ಪಿನ ತಂತಿ ತೂರುವಷ್ಟು ಸಡಿಲ ಇರಲಿ. ಸೆಲ್ಫ್ ಒಂದು ಕಂಪನಿಯದು, ರಿಂಗ್ ಗೇರ್ ಇನ್ನೊಂದರದು ಆಗಿ ಹಲ್ಲಿನ ಗಾತ್ರವೇ ಬೇರೆ ಇದ್ದರೆ ಶಿಮ್ (ಅಂತರ ಹೊಂದಿಸುವ ತೆಳು ತಗಡು) ಹಾಕಿ ಪ್ರಯೋಜನವಿಲ್ಲ. ಹೊಂದುವ ಪಿನಿಯನ್ ಅಥವಾ ರಿಂಗ್ ಗೇರನ್ನೇ ತರಬೇಕು.

ಚೆನ್ನಾಗಿ ತಿರುಗಿಯೂ ಹತ್ತದಿದ್ದರೆ ಸ್ಕ್ಯಾನರ್ ಹಾಕಿ, ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಎಷ್ಟು ತೋರಿಸುತ್ತದೆ ನೋಡಿ. ಸೊನ್ನೆ ಅಂದರೆ ಕ್ರ್ಯಾಂಕ್ ಸೆನ್ಸರಿಗೆ ಓದಲು ಹಲ್ಲಿಲ್ಲ. ತುಂಬಾ ಎಂಜಿನ್‌ಗಳಲ್ಲಿ ಆ ಹಲ್ಲಿನ ಚಕ್ರ, 60 ಜಾಗದಲ್ಲಿ ಎರಡು ಖಾಲಿ ಬಿಟ್ಟದ್ದು, ಫ್ಲೈವೀಲ್ ಕಡೆಯೇ ಇರುತ್ತದೆ. ನೀವು ಫ್ಲೈವೀಲ್ ಬದಲಿಸಿದಾಗ ಅದೂ ಹೋಗಿರುತ್ತದೆ.

ಲಕ್ಷಣ: ಕ್ಲಚ್ ಪೂರ್ತಿ ತುಳಿದರೂ ಗೇರ್ ಬೀಳುವುದಿಲ್ಲ, ರಿವರ್ಸ್ ಕರಕರ ಅನ್ನುತ್ತದೆ

ಮಿಶ್ರ ಜೋಡಣೆಯಲ್ಲಿ ಅತಿ ಹೆಚ್ಚು ಬರುವ ದೂರು ಇದು. ಎಂಜಿನ್ ಬಂದ್ ಮಾಡಿ, ಎಲ್ಲಾ ಗೇರ್ ಹಾಕಿ ನೋಡಿ. ಸಲೀಸಾಗಿ ಬೀಳುತ್ತವೆಯಾ? ಹಾಗಾದರೆ ಲಿವರ್, ಸೆಲೆಕ್ಟರ್ ಇವೆಲ್ಲ ಸರಿ ಇವೆ, ಕ್ಲಚ್ ಪೂರ್ತಿ ಬಿಡುತ್ತಿಲ್ಲ ಅಷ್ಟೆ.

ಈಗ ಎಂಜಿನ್ ಸ್ಟಾರ್ಟ್ ಮಾಡಿ, ಪೆಡಲ್ ಪೂರ್ತಿ ತುಳಿದು ಹತ್ತರವರೆಗೆ ಎಣಿಸಿ, ಆಮೇಲೆ ರಿವರ್ಸ್ ಹಾಕಿ. ಶಬ್ದವಿಲ್ಲದೆ ಬಿದ್ದರೆ ಶಾಫ್ಟ್ ನಿಲ್ಲಲು ಸಮಯ ತೆಗೆದುಕೊಳ್ಳುತ್ತಿತ್ತು ಅಷ್ಟೇ, ಚಿಂತೆ ಇಲ್ಲ. ಹತ್ತು ಎಣಿಸಿದ ಮೇಲೂ ಕರಕರ ಅಂದರೆ ಇನ್‌ಪುಟ್ ಶಾಫ್ಟನ್ನು ಏನೋ ಇನ್ನೂ ತಿರುಗಿಸುತ್ತಿದೆ.

ಪೆಡಲನ್ನು ಎರಡು ಮೂರು ಸಲ ಬೇಗ ಬೇಗ ತುಳಿದರೆ ಗೇರ್ ಬೀಳುತ್ತದೆಯಾ? ಹಾಗಾದರೆ ಕ್ಲಚ್ಚಿನ ಆಯಿಲ್ ಲೈನಿನಲ್ಲಿ ಗಾಳಿ ಇದೆ, ಅದನ್ನು ಹೊರಗೆ ಬಿಡಬೇಕು. ಬ್ಲೀಡ್ ಮಾಡಿ. ಗೇರ್‌ಬಾಕ್ಸ್ ಕಡೆ ಕ್ಲಚ್ ಫೋರ್ಕನ್ನು ತಳ್ಳುವ ಸ್ಲೇವ್ ಸಿಲಿಂಡರ್ ಬೇರೆ ಕೋನದಲ್ಲಿ ಕೂತಿದ್ದರೆ ಬ್ಲೀಡ್ ನಿಪ್ಪಲ್ ಮೇಲ್ಗಡೆ ಇಲ್ಲದೆ ಗಾಳಿ ಒಳಗೇ ಉಳಿಯುತ್ತದೆ. ಬಿಚ್ಚಿ, ನಿಪ್ಪಲ್ ಮೇಲೆ ಬರುವ ಹಾಗೆ ಹಿಡಿದು, ರಾಡ್ ಹೊರಗೆ ಹಾರದಂತೆ ಒತ್ತಿಕೊಂಡು ಬ್ಲೀಡ್ ಮಾಡಿ.

ಗಾಳಿ ಇಲ್ಲ ಅಂದರೆ ಅಳತೆಗೆ ಬನ್ನಿ. ಸ್ಲೇವ್ ರಾಡ್ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆಯಿರಿ, ಯಾರಾದರೂ ಪೆಡಲ್ ತುಳಿಯಲಿ, ಗೆರೆ ಎಷ್ಟು ಸರಿಯಿತು ಅಳೆಯಿರಿ. ಪೆಡಲ್ ಕಡೆಯ ಮಾಸ್ಟರ್ ಸಿಲಿಂಡರ್ ಗಾಡಿಯದು, ಸ್ಲೇವ್ ಗೇರ್‌ಬಾಕ್ಸಿನದು, ಇಬ್ಬರಿಗೂ ಪರಿಚಯವೇ ಇಲ್ಲ. ಲೆಕ್ಕ ಸುಲಭ: ಮಾಸ್ಟರ್ ವ್ಯಾಸವನ್ನು ಸ್ಲೇವ್ ವ್ಯಾಸದಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ, ಮಾಸ್ಟರ್ ಸರಿಯುವ ದೂರಕ್ಕೆ ಗುಣಿಸಿ. ಮಾಸ್ಟರ್ 19.05 ಮಿ.ಮೀ., ಅಂದರೆ ಮುಕ್ಕಾಲು ಇಂಚು, 30 ಮಿ.ಮೀ. ಸರಿಯುತ್ತದೆ ಅಂದುಕೊಳ್ಳಿ. ಸ್ಲೇವ್ 22.2 ಇದ್ದರೆ ಸುಮಾರು 22 ಮಿ.ಮೀ. ಸಿಗುತ್ತದೆ. ಸ್ಲೇವ್ 25.4 ಇದ್ದರೆ 17 ಮಾತ್ರ. ಸಾಮಾನ್ಯ ಡಯಾಫ್ರಾಮ್ ಕ್ಲಚ್ (ಬೆರಳುಗಳಿರುವ ದುಂಡು ಸ್ಪ್ರಿಂಗಿನದು) ಬಿಡಲು ರಿಲೀಸ್ ಬೇರಿಂಗ್ ಸುಮಾರು 8ರಿಂದ 10 ಮಿ.ಮೀ. ಸರಿಯಬೇಕು. ಫೋರ್ಕ್ ಎರಡಕ್ಕೆ ಒಂದು ಅನುಪಾತದ್ದಾದರೆ ಸ್ಲೇವ್ 16ರಿಂದ 20 ಸರಿಯಬೇಕು. 17ರಲ್ಲಿ ತಣ್ಣಗಿದ್ದಾಗ ಗೇರ್ ಬೀಳುತ್ತದೆ, ಬಿಸಿಯಾದ ಮೇಲೆ ಬೀಳುವುದಿಲ್ಲ. 'ಒಮ್ಮೊಮ್ಮೆ ಸರಿ ಇರುತ್ತೆ' ಅನ್ನುವ ದೂರಿನ ಹಿಂದೆ ಹೆಚ್ಚಾಗಿ ಇಂಥ ಅಂಚಿನ ಅಳತೆ ಇರುತ್ತದೆ. ಹಾಗಂತ ತುಂಬಾ ದೊಡ್ಡ ಮಾಸ್ಟರ್ ಹಾಕಿದರೆ ಡಯಾಫ್ರಾಮ್ ಬೆರಳುಗಳು ಮಿತಿ ಮೀರಿ ಬಾಗುತ್ತವೆ. ಪೆಡಲ್‌ಗೆ ಸ್ಟಾಪರ್ ಕೊಡಿ.

ಸ್ಲೇವ್ ಬೇಕಾದಷ್ಟು ಸರಿಯುತ್ತಿದೆ, ಆದರೂ ಕ್ಲಚ್ ಬಿಡುತ್ತಿಲ್ಲ ಅಂದರೆ ಗೇರ್‌ಬಾಕ್ಸ್ ಇಳಿಸಬೇಕು. ಇಳಿಸಿದ ಮೇಲೆ ಕ್ಲಚ್ ಪ್ಲೇಟ್ ತಿರುವು ಮುರುವು ಕೂತಿದೆಯಾ ನೋಡಿ. ಒಂದು ಕಂಪನಿಯ ಪ್ಲೇಟ್ ಇನ್ನೊಂದರ ಫ್ಲೈವೀಲ್ ಮೇಲೆ ಕೂತಾಗ ಸರಿಯಾದ ಬದಿಯಲ್ಲೇ ಇದ್ದರೂ ನಡುವಿನ ಹಬ್ ಫ್ಲೈವೀಲ್ ಬೋಲ್ಟಿನ ತಲೆಗೆ ತಾಗುವುದುಂಟು. ಪ್ರೆಷರ್ ಪ್ಲೇಟ್ ಇಲ್ಲದೆ, ಪ್ಲೇಟನ್ನು ಫ್ಲೈವೀಲ್ ಮೇಲೆ ಅಂಗೈಯಲ್ಲಿ ಒತ್ತಿ ತಿರುಗಿಸಿ. ಮೇಜಿನ ಮೇಲೆ ತಟ್ಟೆ ಇಟ್ಟ ಹಾಗೆ ಸಮ ಕೂರಬೇಕು. ತೊನೆದಾಡಿದರೆ ತಾಗುತ್ತಿದೆ ಅಂತಲೇ ಅರ್ಥ. ಸ್ಪ್ಲೈನ್ ಮೇಲೆ ಪ್ಲೇಟ್ ಸಲೀಸಾಗಿ ಜಾರುತ್ತದೆಯಾ, ಪೈಲಟ್ ಬೇರಿಂಗ್ ಜಾಮ್ ಆಗಿ ಶಾಫ್ಟನ್ನು ಕ್ರ್ಯಾಂಕ್ ಜೊತೆಗೇ ಎಳೆದುಕೊಂಡು ಹೋಗುತ್ತಿದೆಯಾ, ಇವೂ ಈಗಲೇ. ಸ್ಪ್ಲೈನಿಗೆ ಗ್ರೀಸ್ ಹಚ್ಚಿ ಒರೆಸಿ, ಉಳಿದ ತೆಳು ಪದರವೇ ಸಾಕು. ಜಾಸ್ತಿಯಾದರೆ ಹಾರಿ ಪ್ಲೇಟಿಗೆ ಬೀಳುತ್ತದೆ.

ಮತ್ತೆ, ರಿಲೀಸ್ ಬೇರಿಂಗ್ ಬೆರಳುಗಳನ್ನು ತಳ್ಳುವ ಕ್ಲಚ್ಚೋ ಎಳೆಯುವ ಕ್ಲಚ್ಚೋ ಅನ್ನುವುದನ್ನೂ ನೋಡಿ. ಒಂದೇ ಹೆಸರಿನ ಗೇರ್‌ಬಾಕ್ಸ್ ಎರಡೂ ಬಗೆಯಲ್ಲಿ ಬರುತ್ತದೆ. ಟಿ56 ಅನ್ನುವ ಆರು ಗೇರಿನ ಗೇರ್‌ಬಾಕ್ಸನ್ನೇ ತೆಗೆದುಕೊಳ್ಳಿ: 1993ರಿಂದ 1997ರವರೆಗಿನ ಷೆವ್ರೊಲೆ ಕಮಾರೊದಲ್ಲಿ ಎಳೆಯುವ ಬಗೆ, 1998ರಿಂದ ತಳ್ಳುವ ಬಗೆ.

ಲಕ್ಷಣ: ಎಂಜಿನ್ ಏರುತ್ತದೆ, ಗಾಡಿ ಏರುವುದಿಲ್ಲ, ಸುಟ್ಟ ವಾಸನೆ

ಕ್ಲಚ್ ಸ್ಲಿಪ್. ಪ್ಲೇಟ್ ಸವೆದಿದೆ ಅಂತ ತೀರ್ಮಾನಿಸುವ ಮುಂಚೆ, ಸ್ಲಿಪ್ ಆಗುತ್ತಿರುವಾಗಲೇ ಗಾಡಿ ನಿಲ್ಲಿಸಿ, ಎಂಜಿನ್ ಬಂದ್ ಮಾಡಿ, ಸ್ಲೇವ್ ಸಿಲಿಂಡರಿನ ಬ್ಲೀಡ್ ನಿಪ್ಪಲ್ ಒಂದು ಕ್ಷಣ ಸಡಿಲಿಸಿ. ಕಣ್ಣು ಮುಚ್ಚಿಕೊಳ್ಳುವ ಕನ್ನಡಕ ಇರಲಿ. ಚಿಮ್ಮಿ ಆಯಿಲ್ ಬಂದು, ಆಮೇಲೆ ಸ್ಲಿಪ್ ನಿಂತರೆ ಪ್ಲೇಟಿನದ್ದಲ್ಲ ತಪ್ಪು. ಪೆಡಲಿನ ಪುಷ್ ರಾಡ್ ಉದ್ದವಾಗಿ, ಮಾಸ್ಟರ್ ಸಿಲಿಂಡರ್ ಪೂರ್ತಿ ವಾಪಸ್ ಬಾರದೆ, ಬಿಸಿಯಾದ ಆಯಿಲ್ ಹಿಂದಕ್ಕೆ ಹೋಗಲು ದಾರಿ ಸಿಗುತ್ತಿಲ್ಲ. ರಾಡ್ ಸ್ವಲ್ಪ ಕುಗ್ಗಿಸಿ, ಪೆಡಲಿನ ಮೇಲ್ಗಡೆ ಬೆರಳಿಗೆ ಗೊತ್ತಾಗುವಷ್ಟು ಆಟ ಬಿಡಿ.

ಶಾಫ್ಟ್ ಸುತ್ತ ಕೂರುವ ಸ್ಲೇವ್ ಆದರೆ ಬೇರಿಂಗಿಗೂ ಡಯಾಫ್ರಾಮ್ ಬೆರಳಿಗೂ ಜೋಡಿಸುವಾಗಲೇ ಅಂತರ ಬಿಡಬೇಕು. ಸಾಮಾನ್ಯವಾಗಿ 2.5ರಿಂದ 5 ಮಿ.ಮೀ., ನಿಮ್ಮ ಬೇರಿಂಗ್ ಜೊತೆ ಬಂದ ಕಾಗದ ಏನು ಹೇಳುತ್ತದೋ ಅದೇ ಅಂತಿಮ. ಪ್ಲೇಟ್ ಸವೆದಂತೆ ಬೆರಳುಗಳು ಬೇರಿಂಗ್ ಕಡೆಗೇ ಬರುತ್ತವೆ. ಅಂತರವಿಲ್ಲದೆ ಕೂರಿಸಿದರೆ ಕೆಲವು ದಿನ ಚೆನ್ನಾಗಿದ್ದು ಆಮೇಲೆ ಸ್ಲಿಪ್ ಶುರು. ಜಾಸ್ತಿ ಬಿಟ್ಟರೆ ಸ್ಲೇವ್ ಮಿತಿ ದಾಟಿ ಹೊರಬಂದು ಸೀಲಿನಿಂದ ಆಯಿಲ್ ಸೋರುತ್ತದೆ. ಅಡಾಪ್ಟರ್ ಪ್ಲೇಟ್ ದಪ್ಪ, ಫ್ಲೈವೀಲ್ ಎತ್ತರ, ಪ್ರೆಷರ್ ಪ್ಲೇಟ್ ಎತ್ತರ, ಎಲ್ಲವೂ ಈ ಒಂದು ಅಂತರದಲ್ಲಿ ಬಂದು ಸೇರುತ್ತವೆ. ಅಂದಾಜಿನಲ್ಲಿ ಬಿಡುವ ವಿಷಯವೇ ಅಲ್ಲ.

ಬೆಲ್ ಹೌಸಿಂಗ್ ಕೆಳಗೆ ಎಣ್ಣೆ ತೊಟ್ಟಿಕ್ಕುತ್ತಿದ್ದರೆ ಮೂಸಿ ನೋಡಿ. ಗೇರ್ ಆಯಿಲಿಗೆ ಗಂಧಕದ ಗಬ್ಬು ವಾಸನೆ ಇರುತ್ತದೆ, ಎಂಜಿನ್ ಆಯಿಲಿಗೆ ಇಲ್ಲ. ಯಾವ ಸೀಲ್ ಹೋಗಿದೆ ಅಂತ ಮೂಗೇ ಹೇಳುತ್ತದೆ. ಎಣ್ಣೆ ಕುಡಿದ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ಉಪಾಯ ನಡೆಯುವುದಿಲ್ಲ. ಇನ್ನು ಫ್ಲೈವೀಲ್ ಬಟ್ಟಲಿನಂಥದ್ದಾಗಿ, ಅದರ ಮುಖ ಲೇತಿಗೆ ಕೊಟ್ಟಿದ್ದರೆ ಪ್ರೆಷರ್ ಪ್ಲೇಟ್ ಕೂರುವ ಮೆಟ್ಟಿಲನ್ನೂ ಅಷ್ಟೇ ತೆಗೆಸಿರಬೇಕು. ಮುಖವನ್ನಷ್ಟೇ ತೆಗೆದರೆ ಒತ್ತುವ ಬಲ ಕಡಿಮೆಯಾಗುತ್ತದೆ.

ಲಕ್ಷಣ: ಶಬ್ದ

ಗಾಡಿ ನಿಂತಿರಲಿ, ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಈಗ ನಿಮ್ಮ ಎಡಗಾಲೇ ಪರೀಕ್ಷೆಯ ಉಪಕರಣ.

ಪೆಡಲ್ ಬಿಟ್ಟಾಗ ಗಡಗಡ, ತುಳಿದರೆ ನಿಶ್ಶಬ್ದ: ಗೇರ್‌ಬಾಕ್ಸ್ ಒಳಗಿನ ಹಲ್ಲುಗಳ ಅಥವಾ ಮುಂದಿನ ಬೇರಿಂಗಿನ ಶಬ್ದ. ಆದರೆ ಒಂದು ಮಾತು. ಎರಡು ತುಂಡಿನ ಡ್ಯುಯಲ್ ಮಾಸ್ ಫ್ಲೈವೀಲ್ ತೆಗೆದು ಒಂದೇ ತುಂಡಿನದು ಹಾಕಿದ್ದರೆ ಐಡಲ್‌ನಲ್ಲಿ ಇಂಥ ಗಡಗಡ ಸಹಜ. ಸ್ಪ್ರಿಂಗ್ ಹೀರುತ್ತಿದ್ದ ಎಂಜಿನ್ ಕುಲುಕಾಟ ಈಗ ನೇರ ಗೇರಿಗೆ ಬರುತ್ತಿದೆ. ಇದಕ್ಕಾಗಿ ಗೇರ್‌ಬಾಕ್ಸ್ ಬಿಚ್ಚಬೇಡಿ. ಪೆಡಲ್ ಮೇಲೆ ಕಾಲು ಇಟ್ಟ ಕೂಡಲೇ ಕಿರ್ ಅನ್ನುವುದು ರಿಲೀಸ್ ಬೇರಿಂಗ್. ಪೂರ್ತಿ ತುಳಿದು, ಗೇರ್ ಹಾಕಿ ನಿಂತಾಗ ಮಾತ್ರ ಕೀರಲು ಶಬ್ದ ಬಂದರೆ ಪೈಲಟ್ ಬೇರಿಂಗ್, ಯಾಕೆಂದರೆ ಆಗ ಮಾತ್ರ ಕ್ರ್ಯಾಂಕ್ ತಿರುಗಿ ಶಾಫ್ಟ್ ನಿಂತಿರುತ್ತದೆ. ಪೆಡಲಿಗೂ ಶಬ್ದಕ್ಕೂ ಸಂಬಂಧವೇ ಇಲ್ಲದೆ ಒಂದೇ ಸಮ ಉಜ್ಜುತ್ತಿದ್ದರೆ ಫ್ಲೈವೀಲ್ ಅಡಾಪ್ಟರ್ ಪ್ಲೇಟಿಗೋ ಧೂಳಿನ ತಗಡಿಗೋ ತಾಗುತ್ತಿದೆ. ತಕ್ಷಣ ಬಂದ್ ಮಾಡಿ.

ಲಕ್ಷಣ: ಗೇರ್ ಬಿಟ್ಟು ಬರುತ್ತದೆ, ಅಥವಾ ಎಲ್ಲಾ ಗೇರೂ ಬಿಗಿ

ಮೊದಲು ಲಿವರ್ ಫ್ಲೋರಿನ ತೂತಿನ ಅಂಚಿಗೆ ಅಥವಾ ರಬ್ಬರ್ ಬೂಟಿಗೆ ತಾಗುತ್ತಿದೆಯಾ ನೋಡಿ. ಗೇರ್ ಪೂರ್ತಿ ಬೀಳುವ ಮುಂಚೆಯೇ ಲಿವರ್ ನಿಂತರೆ ಅದು ಬಿಟ್ಟು ಬರುವುದು ಖಂಡಿತ. ಬೂಟು ತೆಗೆದು ಓಡಿಸಿ ನೋಡಿದರೆ ಗೊತ್ತಾಗುತ್ತದೆ. ಎಂಜಿನ್, ಗೇರ್‌ಬಾಕ್ಸ್ ಮೌಂಟ್ ಸಡಿಲ ಇದ್ದರೂ ಹೀಗೇ. ಆಮೇಲೆ ಆಯಿಲ್. ಟಿ56ಗೆ ಬೇಕಾದದ್ದು ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ತೆಳು ಆಯಿಲ್, ಅದಕ್ಕೆ ದಪ್ಪ ಗೇರ್ ಆಯಿಲ್ ಸುರಿದರೆ ಬೆಳಗ್ಗೆ ಗೇರ್ ಕಲ್ಲಿನ ಹಾಗೆ ಇರುತ್ತದೆ. ಹಿತ್ತಾಳೆ ಸಿಂಕ್ರೊ ಇರುವ ಹಳೆಯ ಗೇರ್‌ಬಾಕ್ಸಿಗೆ ಜಿಎಲ್-4 ದರ್ಜೆಯ ಆಯಿಲ್ ಹೇಳಿದ್ದರೆ ಅದನ್ನೇ ಹಾಕಿ, ಜಿಎಲ್-5 ಮೇಲಿನದು ಅಂತ ಅಂದುಕೊಳ್ಳಬೇಡಿ.

ಇಷ್ಟಾದ ಮೇಲೂ ಇದ್ದರೆ ಎರಡರ ಮಧ್ಯರೇಖೆ ಒಂದೇ ನೇರದಲ್ಲಿ ಇಲ್ಲ. ನನ್ನ ಮೂರನೇ ಗೇರಿನ ಕಥೆ ಇದೇ. ಅಳೆಯುವುದು ಹೀಗೆ: ಕ್ಲಚ್ ಬಿಚ್ಚಿ. ಬೆಲ್ ಹೌಸಿಂಗನ್ನು ಅಡಾಪ್ಟರ್ ಪ್ಲೇಟ್ ಸಮೇತ ಎಂಜಿನ್‌ಗೆ ಬಿಗಿ ಮಾಡಿ. ಸ್ಪಾರ್ಕ್ ಪ್ಲಗ್ ತೆಗೆದರೆ ಕೈಯಲ್ಲಿ ತಿರುಗಿಸಲು ಹಗುರ. ಡಯಲ್ ಗೇಜಿನ ಅಯಸ್ಕಾಂತದ ಬುಡವನ್ನು ಫ್ಲೈವೀಲ್ ಮೇಲೆ ನಿಲ್ಲಿಸಿ, ಮುಳ್ಳಿನ ತುದಿ ಬೆಲ್ ಹೌಸಿಂಗಿನ ಮಧ್ಯದ ದೊಡ್ಡ ತೂತಿನ ಒಳ ಅಂಚನ್ನು ಮುಟ್ಟಲಿ. ಮೇಲ್ಗಡೆ ಸೊನ್ನೆ ಮಾಡಿ ಕ್ರ್ಯಾಂಕನ್ನು ನಿಧಾನ ತಿರುಗಿಸಿ. ಅಂದು ಮುಳ್ಳು ಒಂದು ಸುತ್ತಿನಲ್ಲಿ ಒಟ್ಟು 0.62 ಮಿ.ಮೀ. ಓಡಾಡಿತು. ಕಣ್ಣು ಉಜ್ಜಿಕೊಂಡು ಮತ್ತೆ ತಿರುಗಿಸಿದೆ, ಮತ್ತೆ 0.62. ನಿಜವಾದ ಓರೆ ಅದರ ಅರ್ಧ, 0.31. ಒಟ್ಟು ಓದು 0.13 ಒಳಗೆ, ಅಂದರೆ ಇಂಚಿನ ಸಾವಿರ ಭಾಗದಲ್ಲಿ ಐದರೊಳಗೆ, ಇರಬೇಕು ಅನ್ನುವುದು ಸಾಮಾನ್ಯ ಮಿತಿ. ಪ್ಲೇಟ್ ಕೊರೆದವರು ಡೋವೆಲ್ ತೂತನ್ನು ಬೋಲ್ಟ್ ತೂತಿನಿಂದ ಅಳೆದು ಹಾಕಿದ್ದರು, ಕ್ರ್ಯಾಂಕಿನ ಮಧ್ಯದಿಂದ ಅಳೆಯಬೇಕಿತ್ತು. ತಪ್ಪು ನನ್ನದೂ ಹೌದು, ನಾನು ಕೊಟ್ಟ ಮಾದರಿ ರಟ್ಟಿನ ಹಾಳೆಯಲ್ಲಿ ಕತ್ತರಿಸಿದ್ದು.

ಸರಿಪಡಿಸಲು ಮಧ್ಯ ತಪ್ಪಿದ ಡೋವೆಲ್ ಪಿನ್ ಸಿಗುತ್ತವೆ, ಕೆಲವು ಎಂಜಿನ್‌ಗಳಿಗೆ 0.007, 0.014, 0.021 ಇಂಚಿನ ಅಳತೆಯಲ್ಲಿ. ನನಗೆ ಬೇಕಿದ್ದದ್ದು 0.31 ಮಿ.ಮೀ., ಹತ್ತಿರದ್ದು 0.014 ಇಂಚು, ಅಂದರೆ 0.36. ಹಾಕಿ ತಿರುಗಿಸಿದಾಗ ಮುಳ್ಳು 0.10ರಲ್ಲಿ ನಿಂತಿತು. ಮೂರನೇ ಗೇರ್ ಆಮೇಲೆ ಒಮ್ಮೆಯೂ ಬಿಟ್ಟು ಬರಲಿಲ್ಲ. ಎರಡು ಸಲ ಸಿಂಕ್ರೊ ರಿಂಗಿಗೆ ಕೊಟ್ಟ ದುಡ್ಡು ದಂಡ.

ಬೆಲ್ ಹೌಸಿಂಗ್ ಗೇರ್‌ಬಾಕ್ಸ್ ಮೈಗೇ ಒಂದಾಗಿ ಎರಕ ಹೊಯ್ದಿದ್ದರೆ ಹೀಗೆ ಅಳೆಯಲು ಆಗುವುದಿಲ್ಲ. ನಿಸ್ಸಾನ್ 350ಝಡ್ ಕಾರಿನ ಸಿಡಿ009 ಗೇರ್‌ಬಾಕ್ಸ್ ಅಂಥದ್ದು, ಅದಕ್ಕೇ ಅದರ ಬೆಲ್ ಹೌಸಿಂಗನ್ನು ಕತ್ತರಿಸಿ ಬೇರೆಯದು ಕೂರಿಸುವವರು ಜಾಸ್ತಿ. ಕತ್ತರಿಸದಿದ್ದರೆ ಪ್ಲೇಟನ್ನೂ ಗೇರ್‌ಬಾಕ್ಸ್ ಮುಖವನ್ನೂ ಬೇರೆ ಬೇರೆಯಾಗಿ ಮಷಿನ್ ಶಾಪಿನಲ್ಲಿ ಅಳೆಸಬೇಕು.

ಲಕ್ಷಣ: ನಡುಕ

ಗಾಡಿ ನಿಂತಿರುವಾಗ ಒಂದು ಆರ್‌ಪಿಎಂನಲ್ಲಿ ನಡುಗಿದರೆ ಎಂಜಿನ್, ಫ್ಲೈವೀಲ್, ಕ್ಲಚ್ ಕಡೆಯದು. ವೇಗ ಏರಿದಂತೆ, ಯಾವ ಗೇರಿನಲ್ಲಿದ್ದರೂ ಅದೇ ವೇಗಕ್ಕೆ ಬಂದರೆ ಗೇರ್‌ಬಾಕ್ಸಿನಿಂದ ಹಿಂದಿನ ಡಿಫರೆನ್ಷಿಯಲ್‌ಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಕಡೆಯದು.

ಎರಡನೆಯದು ಅಗ್ಗ. ಮೊಬೈಲಿನ ಮಟ್ಟ ನೋಡುವ ಆ್ಯಪ್ ಸಾಕು. ಗೇರ್‌ಬಾಕ್ಸ್, ಶಾಫ್ಟ್, ಹಿಂದಿನ ಡಿಫರೆನ್ಷಿಯಲ್, ಮೂರರ ಕೋನ ಬರೆದುಕೊಳ್ಳಿ. ಎರಡೂ ಕ್ರಾಸ್ ಜಾಯಿಂಟಿನ ಕೋನ ಹೆಚ್ಚು ಕಡಿಮೆ ಸಮ ಇರಬೇಕು, ಒಂದು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬೇಡ. ಒಂದರಿಂದ ಮೂರು ಡಿಗ್ರಿ ಒಳ್ಳೆಯದು. ಅಡಾಪ್ಟರ್ ಪ್ಲೇಟ್ ದಪ್ಪದಿಂದ ಗೇರ್‌ಬಾಕ್ಸ್ ಹಿಂದೆ ಸರಿದು, ಅದರೊಳಗೆ ಜಾರುವ ಪ್ರೊಪೆಲ್ಲರ್ ಶಾಫ್ಟಿನ ತುದಿ (ಯೋಕ್) ತಳಕ್ಕೆ ತಾಗುತ್ತಿದ್ದರೆ ಗುಂಡಿಯಲ್ಲಿ ದಡ್ ಅನ್ನುತ್ತದೆ. ಗಾಡಿ ಚಕ್ರದ ಮೇಲೆ ನಿಂತಾಗ ಒಳಕ್ಕೆ 20 ಮಿ.ಮೀ. ಆದರೂ ಜಾಗ ಉಳಿದಿರಲಿ.

ಮೊದಲನೆಯದು ಗಂಭೀರ. ಕೆಲವು ಎಂಜಿನ್‌ಗಳ ತೂಕ ಸರಿದೂಗಿಸುವ ಭಾರ ಫ್ಲೈವೀಲ್ ಮೇಲೇ ಇರುತ್ತದೆ. ಫೋರ್ಡ್ 302 ಎಂಜಿನ್ನಿನಲ್ಲಿ 1980ರ ದಶಕದ ಆರಂಭದವರೆಗೆ 28 ಔನ್ಸ್-ಇಂಚು, ಆಮೇಲೆ 50. ನೋಡಲು ಒಂದೇ, ಅದಲು ಬದಲು ಹಾಕಿದರೆ ಎಂಜಿನ್ ಕುಣಿಯುತ್ತದೆ. ಬೇರೆ ಕ್ರ್ಯಾಂಕಿಗೆ ಹೊಸದಾಗಿ ತೂತು ಕೊರೆಸಿದ ಫ್ಲೈವೀಲ್ ಆದರೆ ಅದರ ಮಧ್ಯ ಕ್ರ್ಯಾಂಕಿನ ದುಂಡು ಮೆಟ್ಟಿಲಿನ ಮೇಲೆ ಕೂರಬೇಕು, ಬೋಲ್ಟಿನ ಮೇಲೆ ಅಲ್ಲ. ಬೋಲ್ಟ್ ತೂತಿನಲ್ಲಿ ಸಡಿಲ ಇದ್ದೇ ಇರುತ್ತದೆ. ಪ್ರೆಷರ್ ಪ್ಲೇಟಿಗೂ ಡೋವೆಲ್ ಇರಲಿ. ಈ ನಡುಕ ಇದ್ದರೆ ಗಾಡಿ ಓಡಿಸಬೇಡಿ.

ಲಕ್ಷಣ: ಒಂದನೇ ಗೇರ್ ಹಾಕಿದರೆ ಗಾಡಿ ಹಿಂದೆ ಹೋಗುತ್ತದೆ

ನಗಬೇಡಿ, ಆಗುತ್ತದೆ. ಹೋಂಡಾದ ಬಿ ಸರಣಿಯ ಎಂಜಿನ್‌ಗಳು ಹೆಚ್ಚಿನ ಎಂಜಿನ್‌ಗಳಿಗೆ ಉಲ್ಟಾ ತಿರುಗುತ್ತವೆ, ಕೆ ಸರಣಿಯವು ಎಲ್ಲರ ಹಾಗೆ. ಷೆವ್ರೊಲೆ ಕೊರ್ವೇರ್ ಎಂಜಿನ್ ಕೂಡ ಉಲ್ಟಾ. ಅದನ್ನು ಫೋಕ್ಸ್‌ವ್ಯಾಗನ್ ಬೀಟಲ್ ಗೇರ್‌ಬಾಕ್ಸಿಗೆ ಹಾಕುವವರು ಒಳಗಿನ ಡಿಫರೆನ್ಷಿಯಲ್‌ನ ದೊಡ್ಡ ಗೇರನ್ನು (ಕ್ರೌನ್ ವೀಲ್) ಇನ್ನೊಂದು ಬದಿಗೆ ತಿರುಗಿಸಿ ಕೂರಿಸುತ್ತಾರೆ. ಈ ಒಂದು ತೊಂದರೆಗೆ ಮಾತ್ರ ಗೇರ್‌ಬಾಕ್ಸ್ ಬಿಚ್ಚಲೇಬೇಕು.

ಯಾವಾಗ ಗೊತ್ತಿದ್ದವರ ಹತ್ತಿರ ಹೋಗಬೇಕು

ಬೆಲ್ ಹೌಸಿಂಗಿನಲ್ಲಿ ಕೂದಲೆಳೆಯ ಬಿರುಕು ಕಂಡರೆ. ಡಯಲ್ ಓದು ಸಿಗುವ ಡೋವೆಲ್ ಪಿನ್ನಿನ ಮಿತಿಯನ್ನೂ ದಾಟಿದರೆ. ಕ್ರ್ಯಾಂಕಿನ ಆಟ ಆ ಎಂಜಿನ್ ಕೈಪಿಡಿಯ ಮಿತಿ ಮೀರಿದರೆ. ಫ್ಲೈವೀಲಿಗೆ ತೂತು ಕೊರೆಯಬೇಕಿದ್ದರೆ, ತೂಕ ತೆಗೆಯಬೇಕಿದ್ದರೆ. ಇವು ಮನೆಯ ಶೆಡ್ಡಿನ ಕೆಲಸಗಳಲ್ಲ.

ಹೋಗುವಾಗ ಅಡಾಪ್ಟರ್ ಪ್ಲೇಟು, ಫ್ಲೈವೀಲ್, ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್ ಎಲ್ಲವನ್ನೂ ಒಟ್ಟಿಗೆ ಒಯ್ಯಿರಿ, ಅಳತೆ ಬರೆದ ಚೀಟಿಯನ್ನೂ ಸೇರಿಸಿ. ಫ್ಲೈವೀಲನ್ನು ಬ್ಯಾಲೆನ್ಸ್ ಮಾಡಿಸಿದ ಮೇಲೆ ಪ್ರೆಷರ್ ಪ್ಲೇಟ್ ಹಾಕಿ ಇನ್ನೊಮ್ಮೆ ಮಾಡಿಸಿ, ಎರಡರ ಮೇಲೂ ಒಂದೇ ಕಡೆ ಪಂಚ್ ಗುರುತು ಹೊಡೆಸಿ. ಮುಂದೆ ಕ್ಲಚ್ ಬಿಚ್ಚಿ ಹಾಕುವಾಗ ಆ ಎರಡು ಚುಕ್ಕಿ ಎದುರುಬದುರು ಬಂದಿವೆಯಾ ನೋಡಿಕೊಂಡೇ ಬೋಲ್ಟ್ ಬಿಗಿ ಮಾಡಿ.